ನೀಟ್ ಪಿಜಿಯೋ, ಸ್ಟೆಪ್ಪೋ, ಪ್ಲಾಬೋ: ಇಂಟರ್ನ್‌ಶಿಪ್ ವರ್ಷವನ್ನು ಯಾವುದಕ್ಕೆ ಕೊಡುತ್ತೀರಿ?

ಹೋದ ತಿಂಗಳು ಚಿಕ್ಕಮ್ಮನ ಮಗಳು ಹಾಸ್ಟೆಲಿನಿಂದ ಫೋನ್ ಮಾಡಿದ್ದಳು. ಬೆಂಗಳೂರಲ್ಲೇ ಮೂರನೇ ವರ್ಷದ ಎಂಬಿಬಿಎಸ್. "ಅಕ್ಕಾ, ನಮ್ಮ ಬ್ಯಾಚಲ್ಲಿ ಎಲ್ರೂ ಸ್ಟೆಪ್ ಒನ್ ಅಂತಿದಾರೆ. ನಾನೂ ಯುವರ್ಲ್ಡ್ ತಗೊಂಡುಬಿಡ್ಲಾ?" ಅಂದಳು. ಸ್ಟೆಪ್ ಅಂದರೆ ಅಮೆರಿಕಾದಲ್ಲಿ ಡಾಕ್ಟರಾಗಲು ಬರೆಯುವ ಯುಎಸ್‌ಎಂಎಲ್‌ಇ ಪರೀಕ್ಷೆಯ ಹಂತಗಳು, ಯುವರ್ಲ್ಡ್ ಅದಕ್ಕೆ ಓದುವ ಪ್ರಶ್ನೆಬ್ಯಾಂಕ್. ಅವಳ ಮೊಬೈಲಿನಲ್ಲಿ ಇಲ್ಲಿನ ಎಂಡಿ, ಎಂಎಸ್ ಸೀಟಿನ ಪರೀಕ್ಷೆಯಾದ ನೀಟ್ ಪಿಜಿಗೆ ಅಂತ ಆಗಲೇ ಮ್ಯಾರೋ ಆ್ಯಪ್ ಇದೆ. ಚಿಕ್ಕಪ್ಪ ಅದಕ್ಕೆ ದುಡ್ಡು ಕಟ್ಟಿ ಮೂರು ತಿಂಗಳೂ ಆಗಿಲ್ಲ. ಫೋನಲ್ಲಿ ಹೇಳಿ ಮುಗಿಯುವ ಮಾತಲ್ಲ ಅಂತ ಭಾನುವಾರ ಸಂಜೆ ವಿ.ವಿ. ಪುರದ ತಿಂಡಿ ಬೀದಿಗೆ ಕರೆದುಕೊಂಡು ಹೋದೆ. ದೋಸೆ, ಹೋಳಿಗೆ, ಆಮೇಲೆ ಇನ್ನೊಂದು ದೋಸೆ. ಅಷ್ಟರಲ್ಲಿ ಅವಳಿಗೆ ಹೇಳಿದ್ದನ್ನು ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ನಾನು ಎರಡನೇ ಸಲಕ್ಕೆ ನೀಟ್ ಪಿಜಿಯಲ್ಲಿ ಸೀಟು ಹಿಡಿದವಳು. ಮೊದಲ ಸಲ ತಪ್ಪಿದ್ದು ದಡ್ಡತನದಿಂದಲ್ಲ, ದುರಾಸೆಯಿಂದ. ಅದರ ಕತೆ ಮುಂದೆ ಬರುತ್ತದೆ.

"ಯಾವ ಪರೀಕ್ಷೆ ಸುಲಭ?" ಅಂತ ಎಲ್ಲರೂ ಕೇಳುತ್ತಾರೆ. ಯಾವುದೂ ಸುಲಭ ಇಲ್ಲ. ಕೇಳಬೇಕಾದ್ದು ಬೇರೆ: ಇಂಟರ್ನ್‌ಶಿಪ್ಪಿನ ಆ ಒಂದು ವರ್ಷವನ್ನು ಯಾವುದಕ್ಕೆ ಕೊಡುತ್ತೀರಿ?

ಆ ಹನ್ನೆರಡು ತಿಂಗಳ ಲೆಕ್ಕ

ಓದು ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ. 2021ರ ನಿಯಮದ ಪ್ರಕಾರ ಆ ವರ್ಷದಲ್ಲಿ ಸಿಗುವ ರಜೆ ಬರೀ 15 ದಿನ. ಮೆಡಿಸಿನ್, ಸರ್ಜರಿ, ಓಬಿಜಿ (ಹೆರಿಗೆ, ಸ್ತ್ರೀರೋಗ) ಪೋಸ್ಟಿಂಗ್ ನಡೆಯುವಾಗ ಓದುತ್ತೇನೆ ಅನ್ನುವವರನ್ನು ನಂಬಬೇಡಿ. ಹೆರಿಗೆ ವಾರ್ಡಿನಲ್ಲಿ ರಾತ್ರಿ ಕಳೆದು ಬಂದವರಿಗೆ ಬೇಕಾದ್ದು ಬಿಸಿನೀರು ಮತ್ತು ಹಾಸಿಗೆ, ಪ್ರಶ್ನೆಬ್ಯಾಂಕ್ ಅಲ್ಲ. ಓದು ನಡೆಯುವುದು ಕಮ್ಯುನಿಟಿ ಮೆಡಿಸಿನ್ನಿನ 12 ವಾರಗಳಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹಾಕಿರುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಓಪಿಡಿ ಖಾಲಿ, ಸಿಸ್ಟರ್ ಚಹಾ ಕೊಡುತ್ತಾರೆ, ನೀವು ಮೂಲೆಯ ಟೇಬಲ್ಲಿನಲ್ಲಿ ಮೊಬೈಲ್ ತೆಗೆಯಬಹುದು. ಅದರ ಜೊತೆಗೆ ಸಣ್ಣಪುಟ್ಟ ಪೋಸ್ಟಿಂಗುಗಳು. ಇಷ್ಟನ್ನೂ ಸೇರಿಸಿದರೆ ಒಂದು ಪರೀಕ್ಷೆಗೆ ಸಾಕಾಗುವಷ್ಟು ಹೊತ್ತು ಸಿಗುತ್ತದೆ. ಎರಡಕ್ಕೆ ಸಾಕಾಗುವುದಿಲ್ಲ.

ನಾನು ಎರಡಕ್ಕೂ ಕೈ ಹಾಕಿದೆ. ಸ್ಟೆಪ್ ಒನ್ನಿಗೆ ಫೀಸು ಕಟ್ಟಿ ಮೂರು ತಿಂಗಳ ಗಡುವು ತೆಗೆದುಕೊಂಡೆ. ಓಬಿಜಿ ಪೋಸ್ಟಿಂಗ್ ಅದರ ಮೇಲೇ ಬಂದು ಕೂತಿತು. ಬೇರೆ ಶುಲ್ಕ ಕಟ್ಟಿ ಗಡುವನ್ನು ಮುಂದೂಡಿದೆ. ಎರಡನೇ ಗಡುವಿನ ಹೊತ್ತಿಗೆ ನೀಟ್ ಪಿಜಿ ಹತ್ತಿರ ಬಂದು ಹೆದರಿಕೆ ಶುರುವಾಗಿತ್ತು. ಸ್ಟೆಪ್ ಬರೆಯಲೇ ಇಲ್ಲ, ದುಡ್ಡು ಹೋಯಿತು. ನೀಟ್‌ನಲ್ಲಿ ಬಂದ ರ‍್ಯಾಂಕ್ ಹೇಳಿಕೊಳ್ಳುವಂಥದ್ದಲ್ಲ. ಎರಡು ದೋಣಿಯಲ್ಲಿ ಕಾಲಿಡಬೇಡ ಅಂತ ನಮ್ಮಜ್ಜಿ ಸುಮ್ನೆ ಹೇಳುತ್ತಿರಲಿಲ್ಲ.

ನೀಟ್ ಪಿಜಿ: ಪಾಸಾಗುವುದಕ್ಕೆ ಬೆಲೆ ಇಲ್ಲ

200 ಪ್ರಶ್ನೆ, ಮೂರೂವರೆ ಗಂಟೆ, 800 ಅಂಕ. ಸರಿ ಉತ್ತರಕ್ಕೆ 4, ತಪ್ಪಾದರೆ 1 ಕಡಿತ. 2024ರಿಂದ ಪ್ರಶ್ನೆಗಳನ್ನು 40ರಂತೆ ಐದು ಭಾಗ ಮಾಡಿ, ಒಂದೊಂದಕ್ಕೆ 42 ನಿಮಿಷ ಕೊಡುತ್ತಾರೆ. ಒಂದು ಭಾಗ ಮುಚ್ಚಿದರೆ ಮತ್ತೆ ಅದಕ್ಕೆ ಮರಳುವ ಹಾಗಿಲ್ಲ. ಹಳೆಯ ಸೀನಿಯರ್‌ಗಳು "ಗೊತ್ತಿಲ್ಲದ್ದನ್ನು ಬಿಟ್ಟು ಮುಂದೆ ಹೋಗು, ಕೊನೆಗೆ ನೋಡ್ಕೋ" ಅನ್ನುತ್ತಾರಲ್ಲ, ಆ ಬುದ್ಧಿಮಾತು ಈಗ ಆ 42 ನಿಮಿಷದ ಒಳಗೆ ಮಾತ್ರ ನಡೆಯುತ್ತದೆ. ಮಾಕ್ ಟೆಸ್ಟನ್ನೂ ಹಾಗೇ ಬರೆದು ಅಭ್ಯಾಸ ಮಾಡಿ.

ಇದು ಲೈಸೆನ್ಸ್ ಪರೀಕ್ಷೆ ಅಲ್ಲ, ಸೀಟಿನ ಪರೀಕ್ಷೆ. ನಿಮಗೆ ಡಾಕ್ಟರಾಗಿ ಕೆಲಸ ಮಾಡುವ ಹಕ್ಕು ಎಂಬಿಬಿಎಸ್, ಇಂಟರ್ನ್‌ಶಿಪ್ ಮುಗಿಸಿ ಕರ್ನಾಟಕ ಮೆಡಿಕಲ್ ಕೌನ್ಸಿಲ್ಲಿನಲ್ಲಿ ನೋಂದಾಯಿಸಿದಾಗಲೇ ಬರುತ್ತದೆ. ನೀಟ್ ಪಿಜಿಯಲ್ಲಿ "ಅರ್ಹತೆ ಬಂತು" ಅಂದರೆ ಏನೂ ಅರ್ಥವಿಲ್ಲ. 2023ರಲ್ಲಿ ಕಟಾಫನ್ನು ಸೊನ್ನೆ ಪರ್ಸೆಂಟೈಲಿಗೇ ಇಳಿಸಿದ್ದರು, ಅಂದರೆ ಬರೆದವರೆಲ್ಲ ಅರ್ಹರು. ಬರೆಯುವವರು ಎರಡು ಲಕ್ಷದ ಮೇಲೆ. ರೇಡಿಯಾಲಜಿ, ಡರ್ಮಟಾಲಜಿ, ಮೆಡಿಸಿನ್ ಬೇಕಾದವರು ರ‍್ಯಾಂಕಿನ ಮೇಲಿನ ತುದಿಯಲ್ಲಿ ಗುದ್ದಾಡುತ್ತಾರೆ. ಅಲ್ಲಿಂದ ಕೆಳಗೆ ಸೀಟು ಸಿಗುವುದು ರ‍್ಯಾಂಕಿಗಿಂತ ಜಾಸ್ತಿ ಅಪ್ಪನ ಜೇಬಿನ ಮೇಲೆ. ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿನಲ್ಲಿ ಬೇಡಿಕೆಯ ವಿಷಯ ಹಿಡಿದರೆ ಮೂರು ವರ್ಷದ ಖರ್ಚು ಕೋಟಿ ದಾಟುವುದುಂಟು. "ಅಮೆರಿಕಾ ದುಬಾರಿ, ಇಲ್ಲೇ ಓದೋಣ" ಅನ್ನುವವರು ಈ ಅಂಕಿಯನ್ನು ಮರೆತುಬಿಡುತ್ತಾರೆ.

ಸರ್ಕಾರಿ ಕಾಲೇಜುಗಳಲ್ಲಿ ಅರ್ಧ ಸೀಟು ಅಖಿಲ ಭಾರತ ಕೋಟಾಕ್ಕೆ, ಅರ್ಧ ರಾಜ್ಯದ ಕೋಟಾಕ್ಕೆ. ರಾಜ್ಯದ್ದನ್ನು ಮಲ್ಲೇಶ್ವರದ ಕೆಇಎ ನೋಡಿಕೊಳ್ಳುತ್ತದೆ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಪಿಜಿ ಸೀಟುಗಳಲ್ಲಿ ವಾಸಸ್ಥಳದ ಆಧಾರದ ಮೀಸಲಾತಿ ಸಲ್ಲದು ಅಂತ ತೀರ್ಪು ಕೊಟ್ಟಿತು. ಅದೇ ಕಾಲೇಜಿನಲ್ಲಿ ಓದಿದವರಿಗೆ ಒಂದು ಮಟ್ಟದ ಆದ್ಯತೆಗೆ ಅವಕಾಶ ಉಳಿಸಿದೆ. ಹಾಗಾಗಿ ಹೋದ ವರ್ಷ ಅಣ್ಣನಿಗೆ ಇಂಥ ರ‍್ಯಾಂಕಿಗೆ ಇಂಥ ಸೀಟು ಸಿಕ್ಕಿತು ಅಂತ ಲೆಕ್ಕ ಹಾಕಬೇಡಿ. ಆಯಾ ವರ್ಷದ ಕೆಇಎ ಮಾಹಿತಿ ಪುಸ್ತಕವನ್ನು ಮೊದಲಿನಿಂದ ಕೊನೆವರೆಗೆ ಓದಿ. ಬೇಜಾರಿನ ಓದು, ಆದರೂ ಓದಿ.

ಇನ್ನು ತಾರೀಖು. 2024ರಲ್ಲಿ ಜೂನ್ 23ಕ್ಕೆ ಇದ್ದ ಪರೀಕ್ಷೆಯನ್ನು ಹಿಂದಿನ ರಾತ್ರಿ ಮುಂದೂಡಿದರು. ಬೇರೆ ಊರಿನ ಸೆಂಟರ್ ಬಿದ್ದವರು ಆಗಲೇ ಅಲ್ಲಿ ಲಾಡ್ಜ್ ಸೇರಿದ್ದರು. ಕೊನೆಗೆ ನಡೆದದ್ದು ಆಗಸ್ಟ್ 11ಕ್ಕೆ. 2025ರಲ್ಲಿ ಜೂನ್ 15 ಅಂದಿದ್ದು ಆಗಸ್ಟ್ 3 ಆಯಿತು. ಕೌನ್ಸೆಲಿಂಗ್ ಮತ್ತೆ ತಿಂಗಳುಗಟ್ಟಲೆ ಎಳೆಯುತ್ತದೆ. ಈ ದಾರಿ ಹಿಡಿದವರ ಕ್ಯಾಲೆಂಡರ್ ಅವರ ಕೈಯಲ್ಲಿರುವುದಿಲ್ಲ. ತಯಾರಿಯನ್ನು ಒಂದು ದಿನಕ್ಕೆ ಗುರಿಯಿಟ್ಟು ಸುಟ್ಟುಹೋಗುವ ಬದಲು, ಎರಡು ತಿಂಗಳು ಹಿಂದೆ ಮುಂದೆ ಆದರೂ ತಾಳುವ ಹಾಗೆ ಇಟ್ಟುಕೊಳ್ಳಿ.

ಒಳ್ಳೆಯದೂ ಇದೆ. ಇದನ್ನು ಎಷ್ಟು ಸಲ ಬೇಕಾದರೂ ಬರೆಯಬಹುದು, ಹಳೆಯ ಸೋಲನ್ನು ಯಾರೂ ಕೇಳುವುದಿಲ್ಲ. ನಾನೇ ಸಾಕ್ಷಿ. ಅರ್ಜಿ ಶುಲ್ಕ 2025ರಲ್ಲಿ ಸಾಮಾನ್ಯ ವರ್ಗಕ್ಕೆ 3,500 ರೂಪಾಯಿ. ಸೀಟು ಸಿಕ್ಕ ದಿನದಿಂದ ಸ್ಟೈಪೆಂಡ್ ಬರುತ್ತದೆ, ಮನೆ ಊಟ ಸಿಗುತ್ತದೆ, ರೋಗಿಯ ಭಾಷೆ ನಿಮ್ಮದೇ.

ಇದೇ ಓದಿನಲ್ಲಿ ಐಎನ್‌ಐ ಸಿಇಟಿಯನ್ನೂ ಬರೆಯಬಹುದು. ಏಮ್ಸ್, ಜಿಪ್ಮರ್, ಚಂಡೀಗಢದ ಪಿಜಿಐ, ಜೊತೆಗೆ ನಮ್ಮ ಹೊಸೂರು ರಸ್ತೆಯ ನಿಮ್ಹಾನ್ಸ್ ಎಲ್ಲ ಇದರ ಕೆಳಗೇ ಬರುತ್ತವೆ. ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಮನೋವೈದ್ಯಶಾಸ್ತ್ರವೋ ನರವಿಜ್ಞಾನವೋ ಮನಸ್ಸಿನಲ್ಲಿದ್ದರೆ ಬೆಂಗಳೂರಿನ ಹುಡುಗ ಹುಡುಗಿಯರು ಇದನ್ನು ಬಿಡುವುದು ತಪ್ಪು. ಸೀಟು ತೀರಾ ಕಡಿಮೆ, ಪ್ರಶ್ನೆಗಳು ಸ್ವಲ್ಪ ತಿರುಚು.

ನೆಕ್ಸ್ಟ್ ಅನ್ನುವ ಹೊಸ ಪರೀಕ್ಷೆಯ ಬಗ್ಗೆ ಕೇಳಿಯೇ ಕೇಳುತ್ತೀರಿ. 2019ರ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಕಾಯ್ದೆಯಲ್ಲಿ ಅದು ಇದೆ. ಫೈನಲ್ ಎಂಬಿಬಿಎಸ್, ನೀಟ್ ಪಿಜಿ, ಹೊರದೇಶದಲ್ಲಿ ಓದಿ ಬಂದವರ ಎಫ್‌ಎಂಜಿಇ, ಈ ಮೂರರ ಬದಲಿಗೆ ಅದೊಂದೇ ಅನ್ನುವುದು ಯೋಜನೆ. 2023ರ ಜುಲೈಯಲ್ಲಿ ಅಣಕು ಪರೀಕ್ಷೆಗೆ ದಿನವನ್ನೂ ಗೊತ್ತು ಮಾಡಿ, ಆಮೇಲೆ ಮುಂದೆ ಹಾಕಿದರು. ಅದು ಬಂದಾಗ ನೋಡಿಕೊಳ್ಳೋಣ. ಅದರ ಹೆದರಿಕೆಯಲ್ಲಿ ಇವತ್ತಿನ ನಿರ್ಧಾರ ಮಾಡಬೇಡಿ.

ಯುಎಸ್‌ಎಂಎಲ್‌ಇ: ಬೇಗ ಹೊರಟವರ ದಾರಿ

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. 2022ರ ಜನವರಿಯಿಂದ ಸ್ಟೆಪ್ ಒನ್ನಿಗೆ ಅಂಕ ಇಲ್ಲ, ಪಾಸ್ ಅಥವಾ ಫೇಲ್ ಅಷ್ಟೇ. ಅದಕ್ಕೇ ಸುಲಭವಾಯಿತು ಅಂದುಕೊಳ್ಳುತ್ತಾರೆ. 2023ರಲ್ಲಿ ಹೊರದೇಶದ ಕಾಲೇಜುಗಳಿಂದ ಮೊದಲ ಸಲ ಬರೆದವರಲ್ಲಿ ಪಾಸಾದವರು ಶೇ. 72. ಅಂದರೆ ನೂರಕ್ಕೆ 28 ಮಂದಿ ಬಿದ್ದರು. ಬಿದ್ದರೆ ಆ ಗುರುತು ನಿಮ್ಮ ದಾಖಲೆಯಲ್ಲಿ ಉಳಿಯುತ್ತದೆ, ನೀಟ್ ಪಿಜಿಯ ಹಾಗೆ ಅಳಿಸಿಹೋಗುವುದಿಲ್ಲ. ಒಂದು ಸ್ಟೆಪ್ಪಿಗೆ ಒಟ್ಟು ನಾಲ್ಕೇ ಅವಕಾಶ. ಪಾಸಾದ ಮೇಲೆ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯುವಂತೆಯೂ ಇಲ್ಲ.

ಈಗ ತೂಕ ಇರುವುದು ಸ್ಟೆಪ್ ಟೂ ಸಿಕೆ (ಕ್ಲಿನಿಕಲ್ ನಾಲೆಜ್) ಪರೀಕ್ಷೆಯ ಅಂಕಕ್ಕೆ. ಒಂಬತ್ತು ಗಂಟೆಯ ದಿನ. ಪಾಸಿನ ಗೆರೆ 2025ರ ಜುಲೈಯಿಂದ 218. ಆದರೆ ಗೆರೆ ದಾಟಿದ ಮಾತ್ರಕ್ಕೆ ಯಾರೂ ಇಂಟರ್‌ವ್ಯೂಗೆ ಕರೆಯುವುದಿಲ್ಲ, ಅದಕ್ಕಿಂತ ಬಹಳ ಮೇಲೆ ಇರಬೇಕು. ಈ ಎರಡೂ ಪರೀಕ್ಷೆಯನ್ನು ಬೆಂಗಳೂರಿನ ಪ್ರೋಮೆಟ್ರಿಕ್ ಸೆಂಟರಿನಲ್ಲೇ ಬರೆಯಬಹುದು. ಸ್ಟೆಪ್ ತ್ರೀ ಮಾತ್ರ ಅಮೆರಿಕಾದಲ್ಲೇ. ಇದರ ಜೊತೆಗೆ ಡಾಕ್ಟರು, ನರ್ಸುಗಳಂಥವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ, ಓಇಟಿ.

ಇದೆಲ್ಲ ಓದಿ ಗೆಲ್ಲುವ ಮಾತು. ಓದಿ ಗೆಲ್ಲಲಾಗದ್ದು ಇನ್ನೊಂದಿದೆ. ಅಮೆರಿಕಾದ ಆಸ್ಪತ್ರೆಯಲ್ಲಿ ರೋಗಿಯನ್ನು ಮುಟ್ಟಿ ನೋಡುವ ಎಲೆಕ್ಟಿವ್ ಸಿಗುವುದು ವಿದ್ಯಾರ್ಥಿಗಳಿಗೆ. ಡಿಗ್ರಿ ಕೈಗೆ ಬಂದ ಮೇಲೆ ಹೆಚ್ಚಿನ ಕಡೆ ಸಿಗುವುದು ಅಬ್ಸರ್ವರ್‌ಶಿಪ್, ಅಂದರೆ ಕೈಕಟ್ಟಿ ನಿಂತು ನೋಡುವುದು. ಶಿಫಾರಸು ಪತ್ರದ ಬಲ ಎಲ್ಲ ಎಲೆಕ್ಟಿವಿನಲ್ಲಿದೆ. ಅದಕ್ಕೇ ಇಂಟರ್ನ್‌ಶಿಪ್ಪಿಗೆ ಬಂದು "ಸ್ಟೆಪ್ ಬರೆಯಲಾ?" ಅಂತ ಯೋಚಿಸುವವರು ಬಸ್ಸು ಹೊರಟ ಮೇಲೆ ಮೆಜೆಸ್ಟಿಕ್ ತಲುಪಿದ ಹಾಗೆ. ಮುಂದಿನ ಬಸ್ಸು ಇದೆ, ಇಲ್ಲ ಅಂತಲ್ಲ. ಸೀಟು ಮಾತ್ರ ಹಿಂದುಗಡೆ.

ನನ್ನ ಹಾಸ್ಟೆಲ್ ರೂಮ್‌ಮೇಟ್ ಇದನ್ನು ಸರಿಯಾಗಿ ಮಾಡಿದಳು. ಮೂರನೇ ವರ್ಷದಲ್ಲೇ ನೀಟ್ ಬರೆಯುವುದಿಲ್ಲ ಅಂತ ತೀರ್ಮಾನಿಸಿದಳು. ಫೈನಲ್ ಇಯರಿಗೆ ಮುಂಚೆ ಸ್ಟೆಪ್ ಒನ್, ಇಂಟರ್ನ್‌ಶಿಪ್ಪಿನ ಕೊನೆಗೆ ಸ್ಟೆಪ್ ಟೂ. ಸೆಪ್ಟೆಂಬರಿನಲ್ಲಿ ಅರ್ಜಿ, ಮಾರ್ಚಿನಲ್ಲಿ ಮ್ಯಾಚ್ ಫಲಿತಾಂಶ (ಯಾರಿಗೆ ಯಾವ ಆಸ್ಪತ್ರೆಯಲ್ಲಿ ರೆಸಿಡೆನ್ಸಿ, ಅಂದರೆ ಪಿಜಿ ತರಬೇತಿ, ಅಂತ ಗೊತ್ತಾಗುವುದು ಆಗ), ಜುಲೈಗೆ ಕೆಲಸ. ಈ ತಾರೀಖುಗಳು ವರ್ಷವರ್ಷವೂ ಹಾಗೇ ಇರುತ್ತವೆ. ಇಲ್ಲಿನ ಗೊಂದಲ ನೋಡಿದವರಿಗೆ ಅದೇ ಒಂದು ಸಮಾಧಾನ. ಅವಳು ಲೆಕ್ಕದ ಪುಸ್ತಕ ಇಟ್ಟಿದ್ದಳು. ಪರೀಕ್ಷೆ ಶುಲ್ಕ ಒಂದೊಂದಕ್ಕೂ ಸಾವಿರ ಡಾಲರಿನ ಮೇಲೆ, ಎರಡು ಸಲದ ಅಮೆರಿಕಾ ಪ್ರಯಾಣ, ಮನೆ ಬಾಡಿಗೆ, ನೂರಕ್ಕೂ ಹೆಚ್ಚು ಕಡೆ ಅರ್ಜಿ, ಎಲ್ಲ ಸೇರಿ 17 ಲಕ್ಷ ರೂಪಾಯಿ. ತುಮಕೂರಿನ ಸೈಟು ಮಾರಿದರು. ಮ್ಯಾಚ್ ಆಯಿತು, ಸರಿ. ಆಗದಿದ್ದರೆ?

ಆ ಪ್ರಶ್ನೆ ಸುಮ್ನೆ ಕೇಳುತ್ತಿಲ್ಲ. ಅಮೆರಿಕಾದ ಪ್ರಜೆಗಳಲ್ಲದ, ಹೊರದೇಶದಲ್ಲಿ ಓದಿದ ಡಾಕ್ಟರುಗಳಲ್ಲಿ 2025ರ ಮ್ಯಾಚಿನಲ್ಲಿ ಜಾಗ ಸಿಕ್ಕವರು ಸುಮಾರು ಶೇ. 58. ಹತ್ತರಲ್ಲಿ ನಾಲ್ವರು ಬರಿಗೈಲಿ ಬಂದರು. ಅವರೆಲ್ಲ ಎರಡು ಸ್ಟೆಪ್ ಪಾಸಾದವರೇ. ಸಿಕ್ಕ ಮೇಲೆ ವೀಸಾ. ಜೆ ಒನ್ ಆದರೆ ನಮ್ಮ ಆರೋಗ್ಯ ಸಚಿವಾಲಯದಿಂದ ಪತ್ರ ಬೇಕು, ತರಬೇತಿ ಮುಗಿದ ಮೇಲೆ ಎರಡು ವರ್ಷ ವಾಪಸ್ ಬಂದಿರಬೇಕು, ಇಲ್ಲವೇ ವಿನಾಯಿತಿ ಗಿಟ್ಟಿಸಬೇಕು. ಎಚ್ ಒನ್ ಬಿಗೆ ಸ್ಟೆಪ್ ತ್ರೀ ಮುಗಿದಿರಬೇಕು. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್ ಒನ್ ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದ ಮೇಲೆ ಆ ಬಾಗಿಲು ಕಿರಿದಾಗಿದೆ.

"ಇಲ್ಲಿ ಎಂಡಿ ಮುಗಿಸಿ ಆಮೇಲೆ ಹೋಗ್ತೀನಿ" ಅನ್ನುವವರಿಗೆ ಒಂದು ಮಾತು. ಇಲ್ಲಿನ ಎಂಡಿ ಇದ್ದರೂ ಅಲ್ಲಿ ಸಾಮಾನ್ಯವಾಗಿ ರೆಸಿಡೆನ್ಸಿಯನ್ನು ಮೊದಲಿನಿಂದ ಮಾಡಬೇಕು. ಮೂರು ವರ್ಷ ಪ್ಲಸ್ ಮೂರು ವರ್ಷ. ಮದುವೆ, ಮಕ್ಕಳು, ಅಪ್ಪನ ಬೈಪಾಸು ಎಲ್ಲ ಆ ಆರು ವರ್ಷದ ಒಳಗೇ ಬರುತ್ತವೆ.

ಪ್ಲಾಬ್: ಅಗ್ಗದ ಪರೀಕ್ಷೆ, ಸಿಗದ ಕೆಲಸ

ಪ್ಲಾಬ್ ಅಂದರೆ ಬ್ರಿಟನ್ನಿನಲ್ಲಿ ಡಾಕ್ಟರಾಗಲು ಬರೆಯುವ ಪರೀಕ್ಷೆ, ಎರಡು ಭಾಗ. ಪ್ಲಾಬ್ ಒನ್ 180 ಪ್ರಶ್ನೆ, ಮೂರು ಗಂಟೆ, ಬೆಂಗಳೂರಿನಲ್ಲೂ ಸೆಂಟರ್ ಇದೆ. ಅದಕ್ಕೆ ಮುಂಚೆ ಇಂಗ್ಲಿಷ್: ಐಇಎಲ್‌ಟಿಎಸ್‌ನಲ್ಲಿ ಒಟ್ಟು 7.5, ಯಾವ ಭಾಗದಲ್ಲೂ 7ಕ್ಕೆ ಕಡಿಮೆ ಇಲ್ಲದೆ, ಅಥವಾ ಓಇಟಿಯಲ್ಲಿ ನಾಲ್ಕಕ್ಕೂ ಬಿ ದರ್ಜೆ. ಪ್ಲಾಬ್ ಟೂಗೆ ಮ್ಯಾಂಚೆಸ್ಟರಿಗೇ ಹೋಗಬೇಕು. ಅಲ್ಲಿ 16 ಕಡೆ ನಟ ರೋಗಿಗಳು ಕೂತಿರುತ್ತಾರೆ, ಒಬ್ಬೊಬ್ಬರ ಜೊತೆ ಎಂಟು ನಿಮಿಷ.

ನಮ್ಮಲ್ಲಿ ಬೀಳುವುದು ಈ ಎಂಟು ನಿಮಿಷದಲ್ಲಿ. ಕಾಯಿಲೆ ಗೊತ್ತಿಲ್ಲದೆ ಅಲ್ಲ, ಮಾತು ಬಾರದೆ. ವಿಕ್ಟೋರಿಯಾ, ಬೌರಿಂಗ್ ತರದ ದೊಡ್ಡಾಸ್ಪತ್ರೆಯ ಓಪಿಡಿಯಲ್ಲಿ ಪಳಗಿದವರು "ಬಾಯಿ ತೆಗಿಯಮ್ಮ, ಜೋರಾಗಿ ಉಸಿರು ಎಳ್ಕೊ, ಆಯ್ತು, ಮುಂದಿನವರು ಬನ್ನಿ" ಅನ್ನುವುದನ್ನು ಕಲಿತಿರುತ್ತಾರೆ. ಹೊರಗೆ ಇನ್ನೂರು ಜನ ಕಾಯುವಾಗ ಬೇರೆ ದಾರಿಯೂ ಇಲ್ಲ. ಅಲ್ಲಿ ಮಾತ್ರ ನಿಮಗೆ ಏನು ಭಯ, ನೀವು ಏನು ಅಂದುಕೊಂಡಿದ್ದೀರಿ ಅಂತ ರೋಗಿಯನ್ನು ಕೇಳದಿದ್ದರೆ ಅಂಕ ಇಲ್ಲ. ನನ್ನ ಬ್ಯಾಚ್‌ಮೇಟ್ ಒಬ್ಬಳು ಅವಳಜ್ಜಿಯನ್ನು ಎದುರು ಕೂರಿಸಿಕೊಂಡು ಅಭ್ಯಾಸ ಮಾಡುತ್ತಿದ್ದಳು. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ, ಇವಳು ಕನ್ನಡದಲ್ಲೇ ಕೇಳುತ್ತಿದ್ದಳು. "ಮಂಡಿ ನೋವಿನ ಬಗ್ಗೆ ನಿಮಗೆ ಏನು ಚಿಂತೆ ಇದೆ ಅಜ್ಜಿ?" ಅಜ್ಜಿ ಮುಕ್ಕಾಲು ಗಂಟೆ ಮಾತಾಡಿದರು. ಪಾಸಾಗಿದ್ದು ಅದರಿಂದಲೇ ಅನ್ನುತ್ತಾಳೆ. ಭಾಷೆ ಆಮೇಲೆ, ಕೇಳುವ ಅಭ್ಯಾಸ ಮೊದಲು.

ಪಾಸಾದರೆ ಜಿಎಂಸಿ (ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್) ನೋಂದಣಿ ಸಿಗುತ್ತದೆ. ಇದು ನಿಜವಾದ ಲೈಸೆನ್ಸ್ ಪರೀಕ್ಷೆ, ಮ್ಯಾಚಿನ ಜೂಜು ಇಲ್ಲ. ಎರಡು ಪರೀಕ್ಷೆಯ ಶುಲ್ಕ ಸುಮಾರು 1,250 ಪೌಂಡಿನ ಆಸುಪಾಸು. ಐದಾರು ವರ್ಷದ ಹಿಂದೆ ಕೇಳಿದ್ದರೆ ಮಧ್ಯಮ ವರ್ಗದ ಮಕ್ಕಳಿಗೆ ಇದೇ ಒಳ್ಳೆಯ ದಾರಿ ಅಂದುಬಿಡುತ್ತಿದ್ದೆ. ಈಗ ಹಾಗೆ ಹೇಳಲಾರೆ. ನೋಂದಣಿ ಕೈಯಲ್ಲಿಟ್ಟುಕೊಂಡು ಮೊದಲ ಕೆಲಸಕ್ಕಾಗಿ ತಿಂಗಳುಗಟ್ಟಲೆ ಅರ್ಜಿ ಹಾಕುತ್ತಿರುವವರು ತುಂಬ ಜನ ಇದ್ದಾರೆ. ಅಲ್ಲಿನ ಸರ್ಕಾರವೂ 2025ರ ಹತ್ತು ವರ್ಷದ ಆರೋಗ್ಯ ಯೋಜನೆಯಲ್ಲಿ ತರಬೇತಿ ಸೀಟುಗಳಿಗೆ ತನ್ನಲ್ಲಿ ಓದಿದವರೇ ಮೊದಲು ಅಂತ ಹೇಳಿದೆ. ಅಜ್ಜಿಯ ಮೊಮ್ಮಗಳಿಗೆ ಕೆಲಸ ಸಿಗಲು ಹನ್ನೊಂದು ತಿಂಗಳು ಹಿಡಿಯಿತು. ಆ ಹನ್ನೊಂದು ತಿಂಗಳು ಅವಳು ಬೆಂಗಳೂರಿನ ನರ್ಸಿಂಗ್ ಹೋಮಿನಲ್ಲಿ ರಾತ್ರಿ ಡ್ಯೂಟಿ ಮಾಡಿದಳು.

ಜರ್ಮನಿ ಅಂದರೆ ಮೊದಲು ಭಾಷೆ. ಸಾಮಾನ್ಯ ಜರ್ಮನ್ ಬಿ ಟೂ, ವೈದ್ಯಕೀಯ ಜರ್ಮನ್ ಸಿ ಒನ್ ಮಟ್ಟ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಸಂಜೆ ತರಗತಿಗೆ ಎರಡನೇ ವರ್ಷದಿಂದಲೇ ಹೋಗುವ ಛಲ ಇದ್ದರೆ ನೋಡಿ. ಆಸ್ಟ್ರೇಲಿಯಾದ ಎಎಂಸಿ ಪರೀಕ್ಷೆಯೂ ಇದೆ. ಮೊದಲ ಭಾಗ ಬರೆದವರು ನನಗೆ ಸಿಕ್ಕಿದ್ದಾರೆ, ಅಲ್ಲಿ ನೆಲೆಯಾದವರ ಪರಿಚಯ ಕಡಿಮೆ. ಅದಕ್ಕೇ ಅದರ ಬಗ್ಗೆ ಜಾಸ್ತಿ ಮಾತಾಡುವುದಿಲ್ಲ.

ಇನಿಷಿಯಲ್ ಎಂಬ ತಲೆನೋವು

ಹೊರದೇಶದ ಯಾವ ದಾರಿ ಹಿಡಿದರೂ ಇವತ್ತೇ ಮಾಡಬೇಕಾದ ಒಂದು ಕೆಲಸ ಇದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪಾಸ್‌ಪೋರ್ಟ್, ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ದಾಖಲೆ, ಮೂರನ್ನೂ ಒಟ್ಟಿಗೆ ಹಾಸಿಗೆ ಮೇಲೆ ಹರಡಿ. ನಮ್ಮವರ ಹೆಸರಿನ ಅವಸ್ಥೆ ಗೊತ್ತಲ್ಲ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡು ಊರಿನ ಹೆಸರೂ ಅಪ್ಪನ ಹೆಸರೂ ಆಗಿರುತ್ತದೆ. ಪರೀಕ್ಷೆಯ ದಿನ ಪರ್ಮಿಟ್ಟಿನ ಹೆಸರೂ ಪಾಸ್‌ಪೋರ್ಟಿನ ಹೆಸರೂ ತಾಳೆಯಾಗದಿದ್ದರೆ ಒಳಗೆ ಬಿಡುವುದಿಲ್ಲ. ನನ್ನ ಒಂದು ದಾಖಲೆಯಲ್ಲಿ ಕೊನೆಯ ಅಕ್ಷರವೇ ಬೇರೆ ಇತ್ತು. ಅಫಿಡವಿಟ್, ಪತ್ರಿಕೆಯಲ್ಲಿ ಜಾಹೀರಾತು, ಕಾಲೇಜು ಆಫೀಸಿನ ಕಿಟಕಿ, ಮತ್ತೆ ಅದೇ ಕಿಟಕಿ. ನಾಲ್ಕು ತಿಂಗಳು ಹೋಯಿತು. ಇಂಟರ್ನ್‌ಶಿಪ್ಪಿನ ಆ 15 ರಜೆಯಲ್ಲಿ ಐದನ್ನು ಈ ಕಿಟಕಿಯೇ ತಿಂದಿತು. ಎರಡನೇ ವರ್ಷದ ರಜೆಯಲ್ಲಿ ಮಾಡಿದ್ದರೆ ಒಂದು ದಿನವೂ ಹೋಗುತ್ತಿರಲಿಲ್ಲ.

ಕರ್ನಾಟಕದ ಕಡ್ಡಾಯ ಗ್ರಾಮೀಣ ಸೇವೆಯ ನಿಯಮವನ್ನೂ ಕೇಳಿಕೊಳ್ಳಿ. 2012ರ ಕಾಯ್ದೆ ಅದು, ನಡುವೆ ತಿದ್ದುಪಡಿಯಾಗಿದೆ. ನಿಮ್ಮ ಬ್ಯಾಚಿಗೆ ಏನು ಅನ್ವಯ ಅಂತ ಬರಹದಲ್ಲಿರುವುದನ್ನು ನೋಡಿ, ಸೀನಿಯರ್ ಬಾಯಿಮಾತು ಸಾಲದು.

ಹಾಗಾದರೆ ಯಾರಿಗೆ ಯಾವುದು?

ನನ್ನ ಅಭಿಪ್ರಾಯ ಇಷ್ಟು. ಇನ್ನೂ ಎರಡನೇ ಅಥವಾ ಮೂರನೇ ವರ್ಷದಲ್ಲಿದ್ದು, ಮನೆಯಲ್ಲಿ 15-20 ಲಕ್ಷ ಕಳೆದುಹೋದರೂ ಊಟಕ್ಕೆ ತೊಂದರೆ ಇಲ್ಲ ಅಂದರೆ, ಸಂಶೋಧನೆಯಲ್ಲೋ ಮೆಡಿಸಿನ್ನಿನಲ್ಲೋ ಆಸೆ ಇದ್ದರೆ, ಸ್ಟೆಪ್ ಬರೆಯಿರಿ ಮತ್ತು ನೀಟನ್ನು ಮರೆತುಬಿಡಿ. ಸಾಲ ಮಾಡಿ ಹೋಗುವವರು ಆ ಶೇ. 58ನ್ನು ಗೋಡೆಗೆ ಅಂಟಿಸಿಕೊಂಡು ಒಂದು ವಾರ ನೋಡಿ, ಆಮೇಲೆ ತೀರ್ಮಾನಿಸಿ. ಸರ್ಜರಿ ಕಡೆ ಮನಸ್ಸಿದ್ದರೆ ನನ್ನ ಓಟು ನೀಟ್ ಪಿಜಿಗೆ. ಅಮೆರಿಕಾದಲ್ಲಿ ಹೊರಗಿನವರಿಗೆ ಸರ್ಜರಿ ಸೀಟು ಬಹಳ ಕಷ್ಟ, ಇಲ್ಲಿ ಕೈಗೆ ಕೆಲಸವೂ ಜಾಸ್ತಿ. ಇಂಟರ್ನ್‌ಶಿಪ್ಪಿಗೆ ಕಾಲಿಟ್ಟಾಗಿದೆ, ಇನ್ನೂ ಏನೂ ಗೊತ್ತಿಲ್ಲ ಅನ್ನುವವರೂ ನೀಟ್ ಪಿಜಿಯನ್ನೇ ಬರೆಯಿರಿ, ಐಎನ್‌ಐ ಸಿಇಟಿಯನ್ನು ಜೊತೆಗಿಟ್ಟುಕೊಳ್ಳಿ. ಪ್ಲಾಬನ್ನು ಸದ್ಯಕ್ಕೆ ಬ್ರಿಟನ್ನಿನಲ್ಲಿ ಗಂಡನೋ ಹೆಂಡತಿಯೋ ಅಣ್ಣನೋ ಇದ್ದು, ಕೆಲಸ ಸಿಗುವವರೆಗೆ ಕಾಯುವ ಜಾಗ ಇರುವವರಿಗೆ ಮಾತ್ರ ಹೇಳುತ್ತೇನೆ.

ತಂಗಿಗೆ ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಅಂಗಡಿಯವನು ಬೆಂಚು ಎತ್ತುತ್ತಿದ್ದ. ಅವಳು ಏನೂ ಹೇಳಲಿಲ್ಲ. ರಾತ್ರಿ ಹನ್ನೊಂದಕ್ಕೆ ಒಂದು ಫೋಟೋ ಬಂತು. ಹಾಸ್ಟೆಲಿನ ಮಂಚದ ಮೇಲೆ ಮೂರು ಕಾಗದ ಸಾಲಾಗಿ ಇಟ್ಟಿದ್ದಳು. ಕೆಳಗೆ ಬರೆದಿದ್ದಳು: "ಅಕ್ಕಾ, ಮೂರರಲ್ಲೂ ಬೇರೆ ಬೇರೆ ಹೆಸರು!"